ಈ ಕೆಂಪು ನನಗೆ ಒಪ್ಪುತ್ತದೆಯೆ?



ಕೆಲವು ತಿಂಗಳ ಹಿಂದೆ ನಮ್ಮ ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದು, ಸಾಲದ ಕಂತು ಬರೆದಾದ ಮೇಲೆ ಒಬ್ಬ ಸದಸ್ಯೆ ನನ್ನ ಪಕ್ಕ ಬಂದು ಕುಳಿತಳು. ಸೆರಗಿನ ಗಂಟು ಬಿಚ್ಚಿ ಪುಟ್ಟದೊಂದು ಲಿಪ್‌ಸ್ಟಿಕ್ ತೆಗೆದು, ಬೇರೆಯವರಿಗೆ ಕೇಳಿಸದ ಹಾಗೆ, "ಅಕ್ಕಾ, ಈ ಕೆಂಪು ನನ್ನ ಬಣ್ಣಕ್ಕೆ ಒಪ್ಪುತ್ತದಾ?" ಎಂದಳು.

ವರದಕ್ಷಿಣೆ, ಹೊಡೆತ, ಪೊಲೀಸು, ಕೋರ್ಟು ಎಂದು ಬರೆಯುವ ಪತ್ರಿಕೆಯಲ್ಲಿ ತುಟಿಬಣ್ಣದ ಮಾತೇಕೆ ಎಂದು ನೀವು ಕೇಳಬಹುದು. ನನಗೂ ಮೊದಲು ಹಾಗೆಯೇ ಅನಿಸಿತು. "ಇದೆಲ್ಲ ನಿನಗೆ ಯಾಕೆ?" ಎಂಬ ಮಾತು ಬಾಯಿಗೆ ಬಂದಿತ್ತು. 1996ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ಅದನ್ನು ವಿರೋಧಿಸಿ ಬೀದಿಗಿಳಿದವರಲ್ಲಿ ನಾನೂ ಒಬ್ಬಳು. ಹೆಣ್ಣಿನ ಮೈಯನ್ನು ಅಳೆದು ಅಂಕ ಕೊಡುವುದನ್ನು ಅಂದು ವಿರೋಧಿಸಿದೆ, ಇಂದೂ ವಿರೋಧಿಸುತ್ತೇನೆ. ಆದರೆ ಆ ಸಿಟ್ಟಿನಲ್ಲಿ ಬಣ್ಣ ಹಚ್ಚಿಕೊಳ್ಳುವ ಹೆಣ್ಣನ್ನೇ ಹಗುರವಾಗಿ ಕಂಡದ್ದೂ ಉಂಟು. ಅದು ನನ್ನ ತಪ್ಪು. ಅವಳ ಮಾತು ಪೂರ್ತಿ ಕೇಳಿದ ಮೇಲೆ ಅದು ನನಗೆ ಅರ್ಥವಾಯಿತು.

ಮದುವೆಯ ಮಾತುಕತೆಯಲ್ಲಿ ಗಂಡಿನ ಕಡೆಯವರು, "ಹುಡುಗಿ ಗುಣವಂತೆ, ಬಣ್ಣ ಮಾತ್ರ ಸ್ವಲ್ಪ ಕಡಿಮೆ" ಎಂದರಂತೆ. ಆ ಕಡಿಮೆಯನ್ನು ತುಂಬಲು ಅವಳಪ್ಪ ಹೊಲ ಅಡವಿಟ್ಟು ಎರಡು ತೊಲ ಚಿನ್ನ ಹೆಚ್ಚಿಗೆ ಕೊಟ್ಟ. ಆರು ವರ್ಷವಾಯಿತು. ಅತ್ತೆ ಇಂದಿಗೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಕರೀ" ಎನ್ನುತ್ತಾಳೆ. ಸಂಘದ ಹಪ್ಪಳದ ಕೆಲಸದಿಂದ ಬಂದ ತನ್ನ ಪಾಲಿನ ಹಣದಲ್ಲಿ ಈ ಲಿಪ್‌ಸ್ಟಿಕ್ ಕೊಂಡು ಹಚ್ಚಿದ ದಿನ ಗಂಡ, "ಇದ್ದಿಲಿಗೆ ಕುಂಕುಮ ಬಳಿದ ಹಾಗಿದೆ" ಎಂದು ನಕ್ಕು, ಅಂಗೈಯಿಂದ ಒರಸಿಬಿಟ್ಟ. ಹಲ್ಲು ತಾಗಿ ತುಟಿ ಒಡೆಯಿತು.

ಹೇಳಿ, ಇದು ಬರೀ ತುಟಿಯ ಬಣ್ಣದ ಪ್ರಶ್ನೆಯೆ? ಕಪ್ಪಿಗೆ ದಂಡ ಹಾಕಿ ಎರಡು ತೊಲ ವಸೂಲು ಮಾಡಿದವರೇ, ಕೆಂಪು ಯಾರ ತುಟಿಗೆ ಒಪ್ಪುತ್ತದೆ ಎಂದೂ ತೀರ್ಮಾನಿಸುತ್ತಿದ್ದಾರೆ.

ಕಪ್ಪು ಹೆಣ್ಣಿಗೆ ಕೆಂಪು ಒಪ್ಪುವುದಿಲ್ಲ ಎಂದವರು ಯಾರು? ಹಣೆಯ ಕುಂಕುಮಕ್ಕೆ ಯಾರೂ ಹಾಗೆ ಹೇಳಲಿಲ್ಲ. ಇಳಕಲ್ ಸೀರೆಯ ಕೆಂಪು ಸೆರಗು ಹೊದ್ದು ಹೊಲ ಮಾಡಿದ ನಮ್ಮ ಅಜ್ಜಿಯರು ಬೆಳ್ಳಗಿರಲಿಲ್ಲ. ಎಲೆ ಅಡಿಕೆ ಸುಣ್ಣ ಮೆದ್ದು ಅವರ ತುಟಿ ಕೆಂಪಾದಾಗ ಯಾರೂ ನಗಲಿಲ್ಲ. ಬ್ಯಾಡಗಿ ಮೆಣಸಿನಕಾಯಿಯಿಂದ ತೆಗೆಯುವ ಕೆಂಪು ತುಟಿಬಣ್ಣದ ತಯಾರಿಕೆಗೂ ಹೋಗುತ್ತದೆ. ಆ ಕಾಯಿಯ ತೊಟ್ಟು ಬಿಡಿಸುವ ಕೂಲಿ ಹೆಂಗಸರದೇ. ಅವರ ಕೈಗೆ ಹತ್ತಿದ ಕೆಂಪು ಅವರ ತುಟಿಗೆ ಮಾತ್ರ ಸಲ್ಲದು ಎಂದರೆ ಅದು ಯಾವ ನ್ಯಾಯ?

ಬೆಳ್ಳಗಾದರೆ ಗಂಡು ಸಿಗುತ್ತಾನೆ, ಕೆಲಸ ಸಿಗುತ್ತದೆ ಎಂದು ಜಾಹೀರಾತುಗಳು ನಮಗೆ ಪಾಠ ಹೇಳುತ್ತ ಬಂದವು. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಪದವನ್ನು ಕೈಬಿಟ್ಟು 'ಗ್ಲೋ' ಎಂದಾಯಿತು. ಡಬ್ಬಿಯ ಮೇಲಿನ ಹೆಸರು ಬದಲಾಯಿತು, ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗಬೇಕಲ್ಲ! ಒಂದು ವ್ಯತ್ಯಾಸ ಗಮನಿಸಿ. ಬೆಳ್ಳಗಾಗುವ ಕ್ರೀಮು ನಿನ್ನ ಬಣ್ಣವನ್ನು ಅಳಿಸು ಎನ್ನುತ್ತದೆ. ಪಾದರಸ ಬೆರೆತ ಅಂಥ ಕ್ರೀಮುಗಳು ಮೂತ್ರಪಿಂಡವನ್ನೂ ಕೆಡಿಸುತ್ತವೆ. ತುಟಿಯ ಕೆಂಪು ಹಾಗಲ್ಲ, ಅದು ನಮ್ಮ ಬಣ್ಣದ ಜೊತೆಗೇ ಕೂರುತ್ತದೆ.

ನಮ್ಮಲ್ಲೊಬ್ಬಳು ಪೇಟೆಯ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುತ್ತಾಳೆ. ಮುಂದಿನ ಸಭೆಯಲ್ಲಿ ಅವಳು ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ.

ಬಿಳಿ ಬೆರೆತ ತೆಳು ಗುಲಾಬಿ, ತೆಳು ಕಿತ್ತಳೆ ಬಣ್ಣಗಳು ಕಪ್ಪು ತುಟಿಯ ಮೇಲೆ ಬೂದಿ ಹಚ್ಚಿದಂತೆ ಕಾಣಬಹುದು. ಗಾಢವಾದ ಕೆಂಪು ಚೆನ್ನಾಗಿ ಕೂರುತ್ತದೆ. ಕೆಂಪಿನಲ್ಲಿ ಎರಡು ಬಗೆ. ಇಟ್ಟಿಗೆ, ಹೆಂಚು, ಒಣಮೆಣಸಿನಕಾಯಿಯ ಕೆಂಪು ಒಂದು. ದಾಳಿಂಬೆ, ಬೀಟ್‌ರೂಟಿನ ಹಾಗೆ ನೀಲಿ ಛಾಯೆಯ ಕೆಂಪು ಇನ್ನೊಂದು. ಮೈಯಲ್ಲಿ ಹಳದಿ ಛಾಯೆ ಇದ್ದವರಿಗೆ ಮೊದಲನೆಯದು, ನೀಲಿ ಛಾಯೆ ಇದ್ದವರಿಗೆ ಎರಡನೆಯದು ಸಾಮಾನ್ಯವಾಗಿ ಹೊಂದುತ್ತದೆ. ಇದೇನೂ ಕಟ್ಟಳೆಯಲ್ಲ, ಹಚ್ಚಿ ನೋಡಿದಾಗಲೇ ಗೊತ್ತಾಗುವುದು.

ಡಬ್ಬಿಯಲ್ಲಿ ಕಂಡ ಬಣ್ಣ ತುಟಿಯ ಮೇಲೆ ಹಾಗೆಯೇ ಬರುವುದಿಲ್ಲ. ನಮ್ಮಲ್ಲಿ ಅನೇಕರಿಗೆ ಮೇಲ್ದುಟಿ ಕೆಳದುಟಿಗಿಂತ ಕಪ್ಪು. ಆದ್ದರಿಂದ ಮುಂಗೈಗಿಂತ ಬೆರಳ ತುದಿಯ ಒಳಭಾಗದಲ್ಲಿ ಹಚ್ಚಿ, ಅಂಗಡಿಯ ಟ್ಯೂಬ್‌ಲೈಟಿನಿಂದ ಹೊರಗೆ ಬಂದು ಬಿಸಿಲಿನಲ್ಲಿ ನೋಡಿ. ಅಂಗಡಿಯಲ್ಲಿ ಎಲ್ಲರೂ ಹಚ್ಚಿ ನೋಡಿದ ಕಡ್ಡಿಯನ್ನು ತುಟಿಗೆ ತಾಗಿಸಬೇಡಿ, ಒಬ್ಬರ ತುಟಿಯ ಹುಣ್ಣು ಇನ್ನೊಬ್ಬರಿಗೆ ಅಂಟುತ್ತದೆ. ತಯಾರಕರ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನಾಂಕ ಇಲ್ಲದ ಜಾತ್ರೆಯ ಮಾಲು ಎಷ್ಟು ಅಗ್ಗವಾದರೂ ಬೇಡ.

ರಾತ್ರಿ ತುಟಿಗೆ ಕೊಬ್ಬರಿ ಎಣ್ಣೆಯೋ ತುಪ್ಪವೋ ಸವರಿ ಮಲಗಿ. ಒಣಗಿದ ತುಟಿಯ ಮೇಲೆ ಬಣ್ಣ ಬಿರುಕು ಬಿಡುತ್ತದೆ. ಹಚ್ಚುವಾಗ ತೆಳುವಾಗಿ ಒಂದು ಸಲ ಹಚ್ಚಿ, ಮೆತ್ತನೆಯ ಕಾಗದವನ್ನು ತುಟಿಗಳ ನಡುವೆ ಒತ್ತಿ ತೆಗೆದು, ಇನ್ನೊಂದು ಸಲ ಹಚ್ಚಿದರೆ ಬಹಳ ಹೊತ್ತು ನಿಲ್ಲುತ್ತದೆ.

ಹಚ್ಚಲೇಬೇಕು ಎಂದು ನಾನು ಹೇಳುತ್ತಿಲ್ಲ. ಬೇಡವೆನಿಸಿದರೆ ಬೇಡ. ಆದರೆ ಹಚ್ಚಿದರೆ ಏಟು ಬೀಳುತ್ತದೆ ಎಂಬ ಭಯದಿಂದ ಬಿಡುತ್ತಿದ್ದರೆ, ಆಗ ಮಾತಾಡಬೇಕಾದದ್ದು ಬಣ್ಣದ ಬಗ್ಗೆ ಅಲ್ಲ, ಏಟಿನ ಬಗ್ಗೆ. ಹೊಡೆತ ಮಾತ್ರ ಹಿಂಸೆಯಲ್ಲ. ಹೀಯಾಳಿಸುವುದು, ಅಡ್ಡಹೆಸರಿಟ್ಟು ಅವಮಾನಿಸುವುದು ಕೂಡ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹಿಂಸೆಯೇ. 2023ರಲ್ಲಿ ನಮ್ಮ ಹೈಕೋರ್ಟು ಒಂದು ವಿಚ್ಛೇದನದ ಪ್ರಕರಣದಲ್ಲಿ, ಗಂಡನನ್ನು ಕಪ್ಪು ಎಂದು ಹೆಂಡತಿ ಅವಮಾನಿಸಿದ್ದು ಕ್ರೌರ್ಯ ಎಂದಿತು. ಗಂಡಸಿಗೆ ಕ್ರೌರ್ಯವಾದದ್ದು ಹೆಂಗಸಿಗೆ ತಮಾಷೆ ಹೇಗಾದೀತು? ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯ ಸಂರಕ್ಷಣಾಧಿಕಾರಿ. 181ಕ್ಕೆ ಫೋನ್ ಮಾಡಿದರೂ ನೆರವು ಸಿಗುತ್ತದೆ.

ಅವಳ ಒಪ್ಪಿಗೆ ಪಡೆದು ನಾವು ಐದು ಜನ ಅವಳ ಮನೆಗೆ ಹೋದೆವು. ಚಹಾ ಕುಡಿದು, ಗಂಡ ಅತ್ತೆ ಇಬ್ಬರನ್ನೂ ಕೂರಿಸಿಕೊಂಡು ಕಾಯ್ದೆಯ ವಿಷಯ ಹೇಳಿ ಬಂದೆವು. ಅವನು ಬದಲಾದ ಎಂದು ಹೇಳಲಾರೆ. ಆಮೇಲೆ ಕೈ ಮಾಡಿಲ್ಲ, ಅಷ್ಟೇ. ಅತ್ತೆಯ ಬಾಯಲ್ಲಿ ಅವಳ ಹೆಸರು ಇನ್ನೂ ಬಂದಿಲ್ಲ. ಪ್ರತಿ ವಾರ ಯಾರಾದರೂ ಒಬ್ಬರು ಹೋಗಿ ಬರುತ್ತಿದ್ದೇವೆ.

ಕಳೆದ ಸಭೆಗೆ ಅವಳು ಇಟ್ಟಿಗೆಗೆಂಪು ಹಚ್ಚಿಕೊಂಡು ಬಂದಳು. ಲೆಕ್ಕದ ಪುಸ್ತಕದಲ್ಲಿ ತನ್ನ ಹೆಸರಿನ ಮುಂದೆ ಸಹಿ ಮಾಡಿ, "ಒಪ್ಪುತ್ತದಾ?" ಎಂದು ಈ ಸಲ ಯಾರನ್ನೂ ಕೇಳದೆ ತನ್ನ ಜಾಗದಲ್ಲಿ ಕುಳಿತಳು. ನಾನೂ ಕಪ್ಪೇ. ಐವತ್ತು ದಾಟಿದರೂ ಕೆಂಪು ನನಗಲ್ಲ ಎಂದೇ ತಿಳಿದಿದ್ದವಳು. ಅಂದು ಸಂಜೆ ಪೇಟೆಗೆ ಹೋಗಿ ನನಗೂ ಒಂದು ಕೊಂಡೆ. ದಾಳಿಂಬೆಗೆಂಪು.

ನಿಮ್ಮ ಸಂಘದಲ್ಲಿ ಬಣ್ಣಕ್ಕೆ ದಂಡ ತೆತ್ತವರು ಎಷ್ಟು ಜನ? ಮುಂದಿನ ಸಭೆಯಲ್ಲಿ ಕೇಳಿ, ನಮಗೆ ಬರೆಯಿರಿ.