ಕಣ ಘರ್ಷಕಗಳಲ್ಲಿ ಡಿಕ್ಕಿಗಳ ಪ್ರಮಾಣದ ಮಾಪನ: ಸಾರ್ವಜನಿಕರಿಗೆ ಮಾಹಿತಿ

ಹಿನ್ನೆಲೆ

ಜಿನೀವಾ ನಗರದ ಸಮೀಪ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯಲ್ಲಿರುವ ಸರ್ನ್ ಸಂಸ್ಥೆಯ ಲಾರ್ಜ್ ಹೇಡ್ರಾನ್ ಕೊಲೈಡರ್ ಜಗತ್ತಿನ ಅತಿ ದೊಡ್ಡ ಕಣ ಘರ್ಷಕವಾಗಿದೆ. ನೆಲದಡಿಯ 27 ಕಿ.ಮೀ. ಸುತ್ತಳತೆಯ ಸುರಂಗದಲ್ಲಿ ಪ್ರೋಟಾನ್ ಕಣಗಳ ಎರಡು ಪುಂಜಗಳನ್ನು ಎದುರುಬದುರಾಗಿ ಹಾಯಿಸಿ ಡಿಕ್ಕಿ ಹೊಡೆಸಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಪರಿಷ್ಕೃತ ವೇಳಾಪಟ್ಟಿಯಂತೆ, 2026ರ ಮಧ್ಯಭಾಗದಿಂದ ಯಂತ್ರವನ್ನು ನಿಲ್ಲಿಸಿ ಮೇಲ್ದರ್ಜೆಗೇರಿಸಿ, 2030ರಲ್ಲಿ ಪುನಃ ಆರಂಭಿಸಲು ಉದ್ದೇಶಿಸಲಾಗಿದೆ. ಡಿಕ್ಕಿಗಳ ಸಂಖ್ಯೆಯನ್ನು ಹಲವು ಪಟ್ಟು ಹೆಚ್ಚಿಸುವುದು ಈ ಯೋಜನೆಯ ಗುರಿ. ಆದರೆ ಡಿಕ್ಕಿಗಳನ್ನು ಹೆಚ್ಚಿಸುವುದಷ್ಟೇ ಸಾಲದು. ಅವು ಎಷ್ಟು ನಡೆದವು ಎಂಬುದನ್ನು ನಿಖರವಾಗಿ ತಿಳಿಯುವುದೂ ಅಷ್ಟೇ ಅಗತ್ಯ.

ಮಾಪನದ ಅಗತ್ಯ

ಒಂದು ಅಪರೂಪದ ಕಣ ಸಾವಿರ ಬಾರಿ ಕಂಡುಬಂದಿದೆ ಎಂದಷ್ಟೇ ಹೇಳಿದರೆ ಅದು ಫಲಿತಾಂಶವಾಗುವುದಿಲ್ಲ. ಎಷ್ಟು ಡಿಕ್ಕಿಗಳಲ್ಲಿ ಸಾವಿರ ಬಾರಿ ಎಂಬುದು ತಿಳಿದಾಗ ಮಾತ್ರ ಅದನ್ನು ಸಿದ್ಧಾಂತದೊಡನೆ ಹೋಲಿಸಲು ಸಾಧ್ಯ. ಡಿಕ್ಕಿಗೆ ದೊರೆಯುವ ಅವಕಾಶದ ಈ ಅಳತೆಯನ್ನು 'ಲ್ಯುಮಿನಾಸಿಟಿ' ಎಂದು ಕರೆಯಲಾಗುತ್ತದೆ. ಪುಂಜಗಳಲ್ಲಿ ಪ್ರೋಟಾನ್‌ಗಳು ಹೆಚ್ಚಿದಷ್ಟೂ, ಪುಂಜಗಳು ಸಣ್ಣಗಾದಷ್ಟೂ ಅದು ಹೆಚ್ಚುತ್ತದೆ. ಸಂಗ್ರಹವಾದ ಒಟ್ಟು ಲ್ಯುಮಿನಾಸಿಟಿಯನ್ನು 'ವಿಲೋಮ ಫೆಮ್ಟೋಬಾರ್ನ್' ಎಂಬ ಮಾನದಲ್ಲಿ ಹೇಳುವುದು ರೂಢಿ. ಇಂತಹ ಒಂದು ಮಾನವು ಸುಮಾರು 80 ಲಕ್ಷ ಕೋಟಿ ಡಿಕ್ಕಿಗಳಿಗೆ ಸಮ. ಈ ಅಳತೆಯಲ್ಲಿ ಶೇಕಡ 2ರಷ್ಟು ತಪ್ಪಾದರೆ, ಅದನ್ನು ಆಧರಿಸಿದ ಪ್ರತಿಯೊಂದು ದರವೂ ಶೇಕಡ 2ರಷ್ಟು ತಪ್ಪಾಗುತ್ತದೆ.

ಮಾಪನದ ವಿಧಾನ

1. ಡಿಕ್ಕಿ ಸ್ಥಳದ ಸಮೀಪ ಅಳವಡಿಸಿದ ಉಪಕರಣಗಳು, ಹೊರಚಿಮ್ಮುವ ಕಣಗಳನ್ನು ಸತತವಾಗಿ ಎಣಿಸುತ್ತವೆ. ಅಟ್ಲಾಸ್ ಪ್ರಯೋಗದಲ್ಲಿ ಈ ಕಾರ್ಯಕ್ಕಾಗಿ 'ಲೂಸಿಡ್' ಎಂಬ ಉಪಕರಣವಿದೆ. ಆದರೆ ಇವು ತೋರಿಸುವುದು ಹೆಚ್ಚು ಕಡಿಮೆಗಳನ್ನು ಮಾತ್ರ, ನಿಜವಾದ ಮೊತ್ತವನ್ನಲ್ಲ.

2. ವ್ಯಾಪಾರಿಯ ತಕ್ಕಡಿಯನ್ನು ನಿಗದಿತ ಅವಧಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕುವಂತೆ, ಈ ಉಪಕರಣಗಳನ್ನೂ ವಿಶೇಷ ಪರೀಕ್ಷೆಗೆ ಒಳಪಡಿಸಲಾಗುತ್ತದೆ. ಇದಕ್ಕೆ ಬಳಸುವ ವಿಧಾನವನ್ನು ಸೈಮನ್ ವ್ಯಾನ್ ಡರ್ ಮೀರ್ ಅವರು 1968ರಲ್ಲಿ ರೂಪಿಸಿದರು. ಅವರು 1984ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯನ್ನು, ಬೇರೊಂದು ಸಾಧನೆಗಾಗಿ, ಕಾರ್ಲೊ ರುಬ್ಬಿಯಾ ಅವರೊಡನೆ ಹಂಚಿಕೊಂಡರು.

3. ಈ ವಿಧಾನದಲ್ಲಿ ಒಂದು ಪುಂಜವನ್ನು ಇನ್ನೊಂದರ ಎದುರು ಅತಿ ಸಣ್ಣ ಹಂತಗಳಲ್ಲಿ ಅಡ್ಡಲಾಗಿ ಸರಿಸಲಾಗುತ್ತದೆ. ಸರಿಸಿದಂತೆ ಡಿಕ್ಕಿಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದರಿಂದ ಪುಂಜಗಳ ಅಗಲ ತಿಳಿಯುತ್ತದೆ. ಪ್ರೋಟಾನ್‌ಗಳ ಸಂಖ್ಯೆಯನ್ನು ವಿದ್ಯುತ್ ಪ್ರವಾಹದ ಮಾಪಕಗಳು ನೀಡುತ್ತವೆ. ಇವೆರಡರಿಂದ, ಯಾವ ಕಣಸಿದ್ಧಾಂತದ ನೆರವೂ ಇಲ್ಲದೆ, ನಿಜವಾದ ಲ್ಯುಮಿನಾಸಿಟಿಯನ್ನು ಲೆಕ್ಕ ಹಾಕಲಾಗುತ್ತದೆ.

4. ಪರೀಕ್ಷೆಯು ಕಡಿಮೆ ತೀವ್ರತೆಯಲ್ಲಿ ನಡೆಯುತ್ತದೆ; ನಿತ್ಯದ ಪ್ರಯೋಗವು ಅತಿ ಹೆಚ್ಚಿನ ತೀವ್ರತೆಯಲ್ಲಿ ನಡೆಯುತ್ತದೆ. ಜೊತೆಗೆ ವಿಕಿರಣದಿಂದ ಉಪಕರಣಗಳು ಸವೆಯುತ್ತವೆ. ಆದುದರಿಂದ ಹಲವು ಉಪಕರಣಗಳ ಎಣಿಕೆಯನ್ನು ಪರಸ್ಪರ ತಾಳೆ ನೋಡಲಾಗುತ್ತದೆ.

ಈವರೆಗಿನ ನಿಖರತೆ ಮತ್ತು ಮುಂದಿನ ಸವಾಲು

2015ರಿಂದ 2018ರವರೆಗಿನ ದತ್ತಾಂಶಕ್ಕೆ ಅಟ್ಲಾಸ್ ತಂಡವು 140.1 ವಿಲೋಮ ಫೆಮ್ಟೋಬಾರ್ನ್ ಎಂದು ನಿರ್ಧರಿಸಿದ್ದು, ಅದರ ಅನಿಶ್ಚಿತತೆ ಶೇಕಡ 0.83 ಮಾತ್ರ. ಇದೇ ದತ್ತಾಂಶದಿಂದ ಟಾಪ್ ಕ್ವಾರ್ಕ್ ಜೋಡಿಗಳ ಉತ್ಪತ್ತಿಯ ಪ್ರಮಾಣವನ್ನು 829 ಪಿಕೋಬಾರ್ನ್ ಎಂದು ಅಳೆಯಲಾಯಿತು. ಅದರಲ್ಲಿ ದತ್ತಾಂಶದ ಮಿತಿಯಿಂದ ಬಂದ ಅನಿಶ್ಚಿತತೆ ಕೇವಲ 1 ಪಿಕೋಬಾರ್ನ್; ಲ್ಯುಮಿನಾಸಿಟಿಯಿಂದ ಬಂದದ್ದು 8; ಉಪಕರಣ ಹಾಗೂ ವಿಶ್ಲೇಷಣಾ ಕ್ರಮದಿಂದ ಬಂದದ್ದು 13. ಅಂದರೆ ದತ್ತಾಂಶವನ್ನು ಹತ್ತು ಪಟ್ಟು ಹೆಚ್ಚಿಸಿದರೂ ಇಲ್ಲಿ ಹೆಚ್ಚಿನ ಪ್ರಯೋಜನವಿಲ್ಲ, ಮಾಪನವೇ ಸುಧಾರಿಸಬೇಕು.

ಮೇಲ್ದರ್ಜೆಗೇರಿದ ಯಂತ್ರದಲ್ಲಿ ಒಟ್ಟು 3,000 ವಿಲೋಮ ಫೆಮ್ಟೋಬಾರ್ನ್ ಸಂಗ್ರಹಿಸುವ ಗುರಿಯಿದೆ. ಪುಂಜಗಳು ಒಮ್ಮೆ ಸಂಧಿಸಿದಾಗ 140ರಿಂದ 200 ಡಿಕ್ಕಿಗಳು ಒಟ್ಟಿಗೆ ಸಂಭವಿಸುವ ನಿರೀಕ್ಷೆಯಿದ್ದು, ಅವುಗಳನ್ನು ಎಣಿಸುವುದು ಇನ್ನಷ್ಟು ಕಠಿಣವಾಗಲಿದೆ. ಹಾಗಿದ್ದರೂ ಅನಿಶ್ಚಿತತೆಯನ್ನು ಶೇಕಡ 1ರೊಳಗೆ ಇರಿಸುವುದು ಪ್ರಯೋಗಗಳ ಗುರಿಯಾಗಿದೆ. ಇದು ಈಡೇರದಿದ್ದಲ್ಲಿ, ಯಂತ್ರಕ್ಕೆ ಮಾಡಿದ ವೆಚ್ಚದ ಪೂರ್ಣ ಫಲ ದೊರೆಯಲಾರದು.

ಭಾರತದ ಪಾಲು ಮತ್ತು ನಾಗರಿಕರಿಗೆ ಅವಕಾಶ

ಸಿಎಂಎಸ್ ಪ್ರಯೋಗದ ಪ್ರೀಶವರ್ ಉಪಕರಣಕ್ಕೆ ಸಿಲಿಕಾನ್ ಸಂವೇದಕಗಳನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ತಯಾರಿಸಿತ್ತು. ಭಾರತವು 2017ರ ಜನವರಿಯಲ್ಲಿ ಸರ್ನ್‌ನ ಸಹ ಸದಸ್ಯ ರಾಷ್ಟ್ರವಾಯಿತು. ಇದರಿಂದ ಭಾರತೀಯ ನಾಗರಿಕರು ಅಲ್ಲಿನ ನಿಗದಿತ ಅವಧಿಯ ಹುದ್ದೆಗಳಿಗೆ ಅರ್ಜಿ ಸಲ್ಲಿಸಲು, ಭಾರತೀಯ ಉದ್ಯಮಗಳು ಗುತ್ತಿಗೆಗಳಿಗೆ ಸ್ಪರ್ಧಿಸಲು ಅರ್ಹತೆ ಪಡೆದಿವೆ.

ಸರ್ನ್ 2014ರಿಂದ ಪ್ರಯೋಗಗಳ ದತ್ತಾಂಶವನ್ನು ಸಾರ್ವಜನಿಕರ ಬಳಕೆಗೆ ಮುಕ್ತವಾಗಿ ಒದಗಿಸುತ್ತಿದೆ. ಸಿಎಂಎಸ್ ದತ್ತಾಂಶದೊಡನೆ ಲ್ಯುಮಿನಾಸಿಟಿಯ ವಿವರಗಳೂ ಲಭ್ಯವಿವೆ. ಆಸಕ್ತ ವಿದ್ಯಾರ್ಥಿಗಳು ಹಾಗೂ ಅಧ್ಯಾಪಕರು ಇವೆರಡನ್ನೂ ಜೊತೆಯಾಗಿ ಬಳಸತಕ್ಕದ್ದು. ಲ್ಯುಮಿನಾಸಿಟಿಯನ್ನು ಬಿಟ್ಟ ಎಣಿಕೆಯಿಂದ ಯಾವ ದರವನ್ನೂ ನಿರ್ಧರಿಸಲಾಗುವುದಿಲ್ಲ.