ಸೆಳೆವದ ಮರಿಯ ಗುರುತು

ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿ ಹೋಬಳಿಯ ಮೈದನಹಳ್ಳಿಯಲ್ಲಿ ವಿಸ್ತಾರವಾದ ಹುಲ್ಲುಬಯಲೊಂದಿದೆ. ಕೃಷ್ಣಮೃಗಗಳ ಬೀಡಾದ ಈ 798 ಎಕರೆ ನೆಲವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಸರ್ಕಾರವು ಘೋಷಿಸಿತು. ಜಿಂಕೆಗಳನ್ನು ನೋಡಹೋದವರ ಕಣ್ಣಿಗೆ ಬಿದ್ದೂ ಹೆಸರು ತಿಳಿಯದೆ ಉಳಿಯುವ ಅತಿಥಿಯೊಂದು ಅಲ್ಲಿರುವುದು. ಅದರ ವಿಷಯವಾಗಿ ಈ ತಿಂಗಳು ನಾಲ್ಕು ಮಾತುಗಳನ್ನು ಬರೆಯುವೆವು.

ಸೆಳೆವವು ಹದ್ದಿನ ಬಳಗದ ಹಕ್ಕಿ. ಚಳಿಗಾಲದ ಮೊದಲಿಗೆ ಕಜಾಕಸ್ಥಾನವೇ ಮೊದಲಾದ ದೂರದ ಹುಲ್ಲುಗಾವಲುಗಳಿಂದ ನಮ್ಮಲ್ಲಿಗೆ ಬಂದು, ಬೇಸಗೆಯು ಬಲಿಯುವ ಮುನ್ನ ಹಿಂದಿರುಗುವುದು. ಹುಲ್ಲಿನ ತುದಿಯನ್ನು ಸೋಕುವಂತೆ ತೇಲುತ್ತ ಮಿಡತೆ, ಇಲಿ, ಓತಿಗಳನ್ನು ಹಿಡಿಯುವುದು. ಇರುಳಾದರೆ ಮರವನ್ನೇರದೆ, ಹುಲ್ಲಿನ ಮರೆಯಲ್ಲಿ ನೆಲದ ಮೇಲೆಯೇ ತಂಗುವುದು.

ಇವುಗಳ ಜಾತಿಗಳಲ್ಲಿ ಬಿಳಿ ಸೆಳೆವ, ಮಾಂಟೆಗು ಸೆಳೆವ ಎಂಬ ಎರಡೂ ಸೇರಿವೆ. ಬೆಳೆದ ಗಂಡುಗಳನ್ನು ಗುರುತಿಸುವುದು ಸುಲಭ. ಮಾಂಟೆಗು ಗಂಡಿನ ಬೂದು ರೆಕ್ಕೆಯ ಮೇಲೆ ಕಪ್ಪು ಪಟ್ಟೆಯೊಂದು ಹಾದುಹೋಗಿರುವುದು. ಬಿಳಿ ಸೆಳೆವದಲ್ಲಿ ಆ ಪಟ್ಟೆಯಿಲ್ಲ, ರೆಕ್ಕೆಯ ತುದಿ ಮಾತ್ರ ಕಪ್ಪು. ಆದರೆ ಕರಾವಳಿಯಲ್ಲಿ ಕಡಲಕಾಗೆಯ ಮರಿಗಳು ನೋಡುವವರನ್ನು ತೊಡಕಿಗೆ ಸಿಕ್ಕಿಸುವಂತೆ, ಇಲ್ಲಿ ಸೆಳೆವದ ಮರಿಗಳು ಸಿಕ್ಕಿಸುವುವು. ಎರಡು ಜಾತಿಯ ಮರಿಗಳಿಗೂ ಬೆನ್ನು ಕಂದು, ಹೊಟ್ಟೆ ಗೆರೆಯಿಲ್ಲದ ಕಾವಿ, ಬಾಲದ ಬುಡ ಬಿಳುಪು. ಕತ್ತನ್ನು ನೋಡಬೇಕು. ಕೆನ್ನೆಯ ಹಿಂದೆ ಕಂಠಿಯಂತೆ ತಿಳಿಬಣ್ಣದ ಪಟ್ಟಿಯೂ ಅದರಾಚೆ ಕಪ್ಪುಗಂದು ಛಾಯೆಯೂ ಸ್ಪಷ್ಟವಾಗಿದ್ದರೆ ಅದು ಬಿಳಿ ಸೆಳೆವ. ಕಂಠಿಯಿಲ್ಲದೆ, ಕಣ್ಣಿನ ಸುತ್ತ ಬಿಳುಪು ಹೆಚ್ಚಾಗಿ, ರೆಕ್ಕೆಯ ತುದಿಗರಿಗಳು ಕಪ್ಪಾಗಿದ್ದರೆ ಮಾಂಟೆಗು.

ವಿದ್ವಾಂಸರೂ ಇಲ್ಲಿ ಎಡವಿದವರೇ. ಇಂಗ್ಲೆಂಡಿನಲ್ಲಿ ಒಂದು ಜಾತಿಯ ಸೆಳೆವದ ಬೂದು ಗಂಡನ್ನೂ ಕಂದು ಹೆಣ್ಣನ್ನೂ ಬೇರೆ ಬೇರೆ ಜಾತಿಗಳೆಂದು ಬಹುಕಾಲ ನಂಬಿದ್ದರು. 1815ರಲ್ಲಿ ತೀರಿಕೊಂಡ ಜಾರ್ಜ್ ಮಾಂಟೆಗು ಎಂಬಾತನು ಗೂಡಿನ ಮರಿಗಳನ್ನು ತಂದು ಸಾಕಿ, ಕಂದು ಮರಿಯು ಗರಿಯುದುರಿಸಿ ಬೂದು ಗಂಡಾದುದನ್ನು ಕಣ್ಣಾರೆ ಕಂಡು ಈ ಭ್ರಮೆಯನ್ನು ಹೋಗಲಾಡಿಸಿದನು. ಮಾಂಟೆಗು ಸೆಳೆವಕ್ಕೆ ಆ ಹೆಸರು ಬಂದುದು ಆತನಿಂದಲೇ.

ಒಂದು ಕಂದು ಹಕ್ಕಿಯ ಹೆಸರಿಗಾಗಿ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಬಿಳಿ ಸೆಳೆವವು ಅಳಿವಿನ ಭೀತಿಗೆ ಸಮೀಪಿಸಿದ ಹಕ್ಕಿಗಳ ಪಟ್ಟಿಯಲ್ಲಿದೆ. ಅಪರೂಪದ ಹಕ್ಕಿಯನ್ನು ಕಂಡೆವೆಂಬ ಹಂಬಲದಿಂದ ಮಾಂಟೆಗುವನ್ನು ಬಿಳಿ ಸೆಳೆವವೆಂದು ಬರೆದಿಟ್ಟರೆ, ಕ್ಷೀಣಿಸುತ್ತಿರುವ ಕುಲವು ಲೆಕ್ಕದಲ್ಲಿ ಮಾತ್ರ ಬೆಳೆಯುವುದು; ಅದರ ಕಷ್ಟವು ಯಾರಿಗೂ ತಿಳಿಯದೆ ಹೋಗುವುದು. ಕತ್ತು ಕಾಣಲಿಲ್ಲವಾದರೆ ‘ಸೆಳೆವದ ಮರಿ, ಜಾತಿ ತಿಳಿಯದು’ ಎಂದು ಬರೆಯುವುದೇ ಸತ್ಯವಾದ ಲೆಕ್ಕ. ಹಕ್ಕಿಯ ಪುಸ್ತಕವನ್ನು ಹಿಡಿದು ಬಯಲಿಗೆ ಹೊರಡುವ ಮನೆಯ ಮಕ್ಕಳಿಗೆ ಹಿರಿಯರು ಮೊದಲು ಇದನ್ನೇ ಕಲಿಸಬೇಕೆಂದು ನಾವು ಬಯಸುವೆವು.

ಇನ್ನೊಂದು ಮಾತು. ಹುಲ್ಲುಬಯಲನ್ನು ಬೀಳುಭೂಮಿಯೆಂದೆಣಿಸಿ ಉತ್ತರು, ಮರ ನೆಟ್ಟರು ಎಂದರೆ ನೆಲದ ಮೇಲೆ ತಂಗುವ ಈ ಹಕ್ಕಿಗೆ ಎಡೆಯಿಲ್ಲ. ಆಗ ಹೆಸರು ಬಲ್ಲವರಿದ್ದರೂ ನೋಡಲು ಹಕ್ಕಿಯೇ ಇರಲಾರದು.