ಹಣ ಕಟ್ಟಿ ಏರುವ ಶಿಖರ

ಮಳೆಗಾಲ ಮುಗಿದು ಆಕಾಶ ತಿಳಿಯಾಗುವ ಹೊತ್ತಿಗೆ ನಮ್ಮೂರಿನ ಕಾಲೇಜು ಹುಡುಗ ಹುಡುಗಿಯರಿಗೆ ಬೆಟ್ಟದ ಹುಚ್ಚು ಹಿಡಿಯುವುದು ಹೊಸ ಸಂಗತಿಯಲ್ಲ. ಬೆಳ್ತಂಗಡಿಯ ಗಡಾಯಿಕಲ್ಲಿನಿಂದ ಆರಂಭವಾಗುವ ಈ ಹುಚ್ಚು ಕುಮಾರ ಪರ್ವತ, ಕುದುರೆಮುಖಗಳನ್ನು ದಾಟಿ ನಿಧಾನವಾಗಿ ಹಿಮಾಲಯದ ಕಡೆಗೆ ಮುಖ ಮಾಡುತ್ತದೆ. ಅಲ್ಲಿಯ ತನಕ ಮನೆಯವರದ್ದೂ ಹೆಚ್ಚಿನ ತಕರಾರಿರುವುದಿಲ್ಲ. ಆದರೆ ಮಗನೋ ಮಗಳೋ ಒಂದು ರಾತ್ರಿ ಊಟದ ಹೊತ್ತಿಗೆ, "ಎವರೆಸ್ಟಿಗೆ ಕರೆದುಕೊಂಡು ಹೋಗುವ ಕಂಪೆನಿಗಳಿವೆಯಂತೆ, ಹಣ ಕಟ್ಟಿದರೆ ಉಳಿದದ್ದನ್ನೆಲ್ಲ ಅವರೇ ನೋಡಿಕೊಳ್ಳುತ್ತಾರಂತೆ" ಎಂದರೆ ಅಪ್ಪ ಅಮ್ಮ ಏನು ಹೇಳಬೇಕು? "ನಿನಗೆ ಮರುಳಾ?" ಎಂದು ಗದರಿಸಿ ಮುಗಿಸುವುದು ಸುಲಭ. ಹಾಗೆ ಮುಗಿಸುವ ಮೊದಲು ಆ ಮಾತಿನಲ್ಲಿ ನಿಜವೆಷ್ಟು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಕಂಪೆನಿಗಳಿರುವುದು ನಿಜ. 1953ರ ಮೇ 29ರಂದು ಹಿಲರಿ ಮತ್ತು ತೇನ್‌ಸಿಂಗ್ ಎವರೆಸ್ಟ್ ಏರಿದಾಗ ಅದು ದೇಶಗಳು, ಸಂಘಸಂಸ್ಥೆಗಳು ಸೇರಿ ನಡೆಸುವ ಸಾಹಸವಾಗಿತ್ತು. ನಮ್ಮ ದೇಶದ ತಂಡ 1965ರಲ್ಲಿ ಎಂ. ಎಸ್. ಕೋಹ್ಲಿಯವರ ನಾಯಕತ್ವದಲ್ಲಿ ಒಂಬತ್ತು ಮಂದಿಯನ್ನು ತುದಿಗೆ ತಲುಪಿಸಿತು. 1984ರಲ್ಲಿ ಬಚೇಂದ್ರಿ ಪಾಲ್ ಏರಿದ್ದು ಕೂಡ ಅಂಥದೇ ರಾಷ್ಟ್ರೀಯ ತಂಡದ ಸದಸ್ಯೆಯಾಗಿ. ಆದರೆ 1985ರಲ್ಲಿ ಡಿಕ್ ಬಾಸ್ ಎಂಬ ಅಮೆರಿಕದ ಉದ್ಯಮಿ ಒಬ್ಬ ನುರಿತ ಆರೋಹಿಯ ಜತೆಗೆ ತುದಿ ಮುಟ್ಟಿದ ಮೇಲೆ, ಹಣವುಳ್ಳವರು ಮಾರ್ಗದರ್ಶಕರನ್ನು ಕಟ್ಟಿಕೊಂಡು ಹೋಗಬಹುದು ಎಂಬುದು ಜಗತ್ತಿಗೆ ಹೊಳೆಯಿತು. ಅಲ್ಲಿಂದ ಮುಂದೆ ಅದೊಂದು ವ್ಯಾಪಾರವೇ ಆಯಿತು.

ಕಟ್ಟಿದ ಹಣಕ್ಕೆ ಸಿಗುವುದೇನು? ನೇಪಾಳ ಸರಕಾರದ ಪರವಾನಗಿ, ಡೇರೆ, ಅಡುಗೆ, ಆಮ್ಲಜನಕದ ಸಿಲಿಂಡರು, ಹೊರೆ ಹೊರುವ ಶೆರ್ಪಾಗಳು, ದಾರಿ ತೋರುವ ಗೈಡು. ಖುಂಬು ಹಿಮಪಾತದ ಬಿರುಕುಗಳಿಗೆ ಏಣಿ ಹಾಕುವವರು ಶೆರ್ಪಾಗಳು. ತುದಿಯ ತನಕ ಹಗ್ಗ ಕಟ್ಟುವವರೂ ಅವರೇ. ಕಾಮಿ ರೀಟಾ ಶೆರ್ಪಾ ಎಂಬವರು 2025ರ ಮೇ ತಿಂಗಳ ವೇಳೆಗೆ 31 ಬಾರಿ ಎವರೆಸ್ಟ್ ಏರಿದ್ದರು. ನಮ್ಮವರು ಒಂದು ಬಾರಿ ಏರಿ ಬಂದರೆ ರೈಲ್ವೆ ಸ್ಟೇಶನ್ನಿಗೇ ಹಾರ ಹಿಡಿದುಕೊಂಡು ಹೋಗುತ್ತೇವೆ. ಅವರಿಗೆ ಹಗ್ಗ ಕಟ್ಟಿಕೊಟ್ಟವನ ಹೆಸರು ಕೇಳುವವರು ಕಡಿಮೆ. 2014ರ ಏಪ್ರಿಲ್ 18ರಂದು ಅದೇ ಖುಂಬುವಿನಲ್ಲಿ ಹಿಮ ಕುಸಿದು ಸತ್ತ 16 ಮಂದಿಯೂ ಇಂಥ ನೇಪಾಳಿ ಕೆಲಸಗಾರರೇ.

ಸಿಗದಿರುವುದು ಉಸಿರು. ಅದನ್ನು ಯಾವ ಕಂಪೆನಿಯೂ ಪೂರ್ತಿಯಾಗಿ ಒದಗಿಸಲಾರದು. ಇದನ್ನು ಪಿಯುಸಿ ಓದುವ ಮಕ್ಕಳು ತಮ್ಮ ಭೌತಶಾಸ್ತ್ರದಿಂದಲೇ ತಿಳಿದುಕೊಳ್ಳಬಹುದು. ನಾವು ಮಂಗಳೂರಿನವರು ಹುಟ್ಟಿ ಬೆಳೆದದ್ದು ಸಮುದ್ರದ ಮಟ್ಟದಲ್ಲಿ; ಪನಂಬೂರಿನ ಮರಳಿನ ಮೇಲೆ ನಿಂತರೆ ತಲೆಯ ಮೇಲಿನ ಇಡೀ ವಾತಾವರಣದ ಭಾರ ನಮ್ಮದು. 1,894 ಮೀಟರ್ ಎತ್ತರದ ಕುದುರೆಮುಖದ ತುದಿಯಲ್ಲಿ ಗಾಳಿಯ ಒತ್ತಡ ಇಲ್ಲಿಯ ಐದನೇ ನಾಲ್ಕು ಭಾಗದಷ್ಟಿರುತ್ತದೆ. ನೇಪಾಳದ ಕಡೆಯ ಎವರೆಸ್ಟ್ ಬೇಸ್ ಕ್ಯಾಂಪ್ 5,364 ಮೀಟರ್ ಎತ್ತರದಲ್ಲಿದೆ. ಅಲ್ಲಿ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. 8,848.86 ಮೀಟರಿನ ತುದಿಯಲ್ಲಿ ಮೂರನೇ ಒಂದು ಪಾಲು ಮಾತ್ರ. ಒತ್ತಡ ಕಡಿಮೆಯಾದಂತೆ ನೀರು ಬೇಗ ಕುದಿಯುತ್ತದೆ ಎಂಬುದು ಗೊತ್ತಿದೆಯಷ್ಟೆ? ಬೇಸ್ ಕ್ಯಾಂಪಿನಲ್ಲಿ ನೀರು ಕುದಿಯುವುದು ಸುಮಾರು 83 ಡಿಗ್ರಿಗೆ. ಮಂಗಳೂರಿನಲ್ಲೇ ಗಂಟೆಗಟ್ಟಲೆ ಬೇಯುವ ನಮ್ಮ ಕುಚ್ಚಲಕ್ಕಿಯನ್ನು ಅಲ್ಲಿ ತೆರೆದ ಪಾತ್ರೆಯಲ್ಲಿ ಇಟ್ಟರೆ ಗಂಜಿಯ ಆಸೆ ಬಿಡಬೇಕಾದೀತು. ಅಲ್ಲಿನ ಅಡುಗೆಯವರು ಪ್ರೆಶರ್ ಕುಕ್ಕರ್ ಹೊತ್ತುಕೊಂಡು ಹೋಗುವುದು ಇದಕ್ಕಾಗಿಯೇ.

ಕುಕ್ಕರಿನ ಉಪಾಯ ಶರೀರಕ್ಕಿಲ್ಲ. ಶರೀರ ಒಗ್ಗಿಕೊಳ್ಳಬೇಕು, ಅದಕ್ಕೆ ದಿನಗಳು ಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಎತ್ತರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನೆ ಉಳಿಯಬೇಕು ಎಂಬುದು ವೈದ್ಯರು ಹೇಳುವ ಕ್ರಮ. ಎವರೆಸ್ಟಿಗೆ ಹೋದವರು ಮೇಲಿನ ಕ್ಯಾಂಪಿಗೆ ಹತ್ತಿ, ಮತ್ತೆ ಕೆಳಗಿಳಿದು, ಮತ್ತೆ ಹತ್ತಿ ಎರಡು ತಿಂಗಳು ಕಳೆಯುವುದು ಈ ಒಗ್ಗುವಿಕೆಗಾಗಿ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮೆದುಳು ಬಾತುಕೊಳ್ಳಬಹುದು. ಎರಡಕ್ಕೂ ಮುಖ್ಯ ಚಿಕಿತ್ಸೆ ತಡಮಾಡದೆ ಕೆಳಗೆ ಇಳಿಯುವುದು. ಮಂಗಳಾ ಕ್ರೀಡಾಂಗಣದಲ್ಲಿ ದಿನಾ ಹತ್ತು ಸುತ್ತು ಓಡುವ ಹುಡುಗನಿಗೂ ಇದು ಬರಬಹುದು. ಇನ್ನೂ ಹೇಳಬೇಕೆಂದರೆ, ಗಟ್ಟಿಮುಟ್ಟಾದ ಹುಡುಗರೇ ತಲೆನೋವನ್ನು ಲೆಕ್ಕಿಸದೆ, ಗೆಳೆಯರ ಮುಂದೆ ಹೇಳಲು ನಾಚಿ, ಮುಂದಕ್ಕೆ ಹೋಗಿಬಿಡುತ್ತಾರೆ.

ಎವರೆಸ್ಟಿನ ತನಕ ಹೋಗಬೇಕಾಗಿಲ್ಲ. 2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಚಾರಣ ಹೋದ 22 ಮಂದಿಯ ತಂಡವನ್ನು ನೆನಪಿಸಿಕೊಳ್ಳಿ. ಅವರಲ್ಲಿ ಹೆಚ್ಚಿನವರು ಕರ್ನಾಟಕದವರು. ಜತೆಗೆ ಗೈಡುಗಳಿದ್ದರು. ಜಾಗದ ಎತ್ತರ ಎವರೆಸ್ಟಿನ ಅರ್ಧದಷ್ಟು. ಹಿಂದಿರುಗುವ ದಾರಿಯಲ್ಲಿ ಹಿಮಗಾಳಿ ಎದ್ದು, ದಾರಿ ಕಾಣದೆ, ಬಯಲಿನಲ್ಲೇ ಚಳಿಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರಿನಲ್ಲಿ ತರಬೇಕಾಯಿತು. ಬೇಸಗೆ ರಜೆಯ ಚಾರಣವೆಂದು ಹೊರಟವರು ಅವರು. ಆ ಸುದ್ದಿ ಓದಿದ ದಿನ ಎಷ್ಟೋ ಮನೆಗಳಲ್ಲಿ ಮಕ್ಕಳ ಹಿಮಾಲಯದ ಅರ್ಜಿ ಮೇಜಿನ ಒಳಗೆ ಸೇರಿದ್ದರೆ ಆಶ್ಚರ್ಯವಿಲ್ಲ.

ಹಾಗೆಂದು ಕರ್ನಾಟಕದವರಿಗೆ ಇದು ಸಾಧ್ಯವೇ ಇಲ್ಲ ಎಂದು ತಿಳಿಯಬೇಡಿ. ಹುಬ್ಬಳ್ಳಿಯ ನಂದಿತಾ ನಾಗನಗೌಡರ 2016ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿ, ಕ್ಷೇಮವಾಗಿ ಇಳಿದು ಬಂದರು. ಅದೇ ಮೇ ತಿಂಗಳಲ್ಲಿ, ಅದೇ ಬೆಟ್ಟದಲ್ಲಿ, ಪಶ್ಚಿಮ ಬಂಗಾಳದ ನಾಲ್ವರು ಹೊರಟಿದ್ದರು. ದುರ್ಗಾಪುರದ ದರ್ಜಿ ಪರೇಶ್ ನಾಥ್ ಅವರಿಗೆ ಒಂದು ಕೈ ಇರಲಿಲ್ಲ. ಗೌತಮ್ ಘೋಷ್ ಕೋಲ್ಕತ್ತದ ಪೊಲೀಸ್ ಇಲಾಖೆಯವರು. ಬಾಂಕುರಾದ ಸುಭಾಷ್ ಪಾಲ್ ವಾಹನ ಚಾಲಕರು, ಸುನೀತಾ ಹಜ್ರಾ ನರ್ಸು. ನಮ್ಮ ನಿಮ್ಮಂತೆ ತಿಂಗಳ ಸಂಬಳದಲ್ಲಿ ಬದುಕುವವರು. ವರ್ಷಗಟ್ಟಲೆ ಕೂಡಿಟ್ಟು, ಸಾಲ ಮಾಡಿ ಹಣ ಹೊಂದಿಸಿದವರು. ತುದಿಯ ಹತ್ತಿರ ಹೊತ್ತು ಮೀರಿತು, ಸಿಲಿಂಡರು ಬರಿದಾಗುತ್ತಾ ಬಂತು. ನಾಲ್ವರಲ್ಲಿ ಬದುಕಿ ಬಂದವರು ಸುನೀತಾ ಒಬ್ಬರೇ. ಅವರನ್ನು ಉಳಿಸಿದವರು ಲೆಸ್ಲಿ ಬಿನ್ಸ್ ಎಂಬ ಬ್ರಿಟಿಷ್ ಮಾಜಿ ಸೈನಿಕ. ತುದಿಗೆ ಇನ್ನು ಸುಮಾರು 500 ಮೀಟರ್ ಎತ್ತರ ಉಳಿದಿದ್ದಾಗ ಅವರು ತಮ್ಮ ಆರೋಹಣವನ್ನೇ ಬಿಟ್ಟು ಆಕೆಯನ್ನು ಕೆಳಗೆ ಕರೆತಂದರು. ಪರೇಶ್ ನಾಥ್ ಮತ್ತು ಗೌತಮ್ ಘೋಷ್ ಅವರ ದೇಹಗಳನ್ನು ಕೆಳಗೆ ತರಲು ಮರುವರ್ಷದ ತನಕ ಕಾಯಬೇಕಾಯಿತು.

ಹೀಗಾದಾಗ "ಹಿಂದಕ್ಕೆ ಬರಬಹುದಿತ್ತಲ್ಲ" ಎಂದು ಅಂಗಡಿ ಕಟ್ಟೆಯಲ್ಲಿ ಕೂತು ಹೇಳುವುದು ಸುಲಭ. ಜೀವಮಾನದ ಉಳಿತಾಯ ಸುರಿದವನಿಗೆ, ಇನ್ನೊಮ್ಮೆ ಬರಲು ಆಗದು ಎಂದು ಗೊತ್ತಿರುವವನಿಗೆ ಹಿಂದೆ ತಿರುಗುವುದು ಬಹಳ ಕಷ್ಟ. ಕೂಲಿಗೆ ಬಂದ ಶೆರ್ಪಾ "ಸಾಕು" ಎಂದರೂ ಹಣ ಕಟ್ಟಿದವರು ಕೇಳುವುದಿಲ್ಲ. ದೊಡ್ಡ ಗೈಡುಗಳಿಗೂ ಈ ಇಕ್ಕಟ್ಟು ತಪ್ಪಿದ್ದಲ್ಲ. ನ್ಯೂಜಿಲೆಂಡಿನ ರಾಬ್ ಹಾಲ್ 1995ರಲ್ಲಿ ಡಗ್ ಹ್ಯಾನ್ಸೆನ್ ಎಂಬ ಅಂಚೆ ಇಲಾಖೆಯ ನೌಕರನನ್ನು ತುದಿಗೆ ಹತ್ತಿರದಿಂದ ಹಿಂದಕ್ಕೆ ಕರೆತಂದಿದ್ದರು. ಮರುವರ್ಷ, 1996ರ ಮೇ 10ರಂದು, ಆತ ಮತ್ತೆ ಬಂದಾಗ ಹಾಲ್ ಅವರಿಗೆ ಎರಡನೇ ಬಾರಿ ಬೇಡವೆನ್ನಲು ಮನಸ್ಸಾಗಲಿಲ್ಲವೆಂದು ತೋರುತ್ತದೆ. ಇಬ್ಬರೂ ತುದಿ ಸೇರಿದಾಗ ಸಂಜೆ ನಾಲ್ಕು ಗಂಟೆ ಮೀರಿತ್ತು. ಬಿರುಗಾಳಿ ಎದ್ದಿತು. ಇಬ್ಬರೂ ಬರಲಿಲ್ಲ; ಆ ಬಿರುಗಾಳಿಗೆ ಒಟ್ಟು ಎಂಟು ಮಂದಿ ಬಲಿಯಾದರು. ಅದೇ ತಂಡದ ಮೂವರು ಗ್ರಾಹಕರು ಮುಂದಿನ ಸಾಲು ಕದಲದ್ದನ್ನು ಕಂಡು ಮಧ್ಯಾಹ್ನಕ್ಕೆ ಮೊದಲೇ ತಿರುಗಿಬಿಟ್ಟಿದ್ದರು. ಅವರೂ ಅಷ್ಟೇ ಹಣ ಕಟ್ಟಿದ್ದವರು.

ಸಾಲು ಎಂದೆನಲ್ಲ, 2019ರ ಮೇ 22ರಂದು ಎವರೆಸ್ಟಿನ ತುದಿಯ ಕೆಳಗೆ ಜನ ಒಬ್ಬರ ಹಿಂದೆ ಒಬ್ಬರು ನಿಂತಿದ್ದ ಚಿತ್ರವನ್ನು ನೀವೂ ನೋಡಿರಬಹುದು. ನಗುವ ಹಾಗಿಲ್ಲ. 2024ರ ಜನವರಿ ಕೊನೆಯ ರಜಾದಿನಗಳಲ್ಲಿ ನಮ್ಮ ಕುಮಾರ ಪರ್ವತದಲ್ಲೂ ಸಾವಿರಾರು ಮಂದಿ ಹೀಗೆಯೇ ಸಾಲುಗಟ್ಟಿದ್ದರು. ಆಮೇಲೆಯೇ ಅರಣ್ಯ ಇಲಾಖೆ ಆನ್‌ಲೈನ್ ಟಿಕೆಟ್, ದಿನಕ್ಕೆ ಇಷ್ಟೇ ಮಂದಿ ಎಂಬ ಕಟ್ಟುಪಾಡು ತಂದದ್ದು. ಗಿರಿಗದ್ದೆಯಲ್ಲಿ ಸಾಲು ನಿಂತರೆ ಕಾಲು ನೋಯುತ್ತದೆ. ಅಲ್ಲಿ ನಿಂತರೆ ಸಿಲಿಂಡರಿನ ಆಮ್ಲಜನಕ ಖರ್ಚಾಗುತ್ತದೆ.

ಖರ್ಚಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನೇಪಾಳ ಸರಕಾರ 2025ರ ಸೆಪ್ಟೆಂಬರಿನಿಂದ ವಸಂತ ಋತುವಿನ ಪರವಾನಗಿ ಶುಲ್ಕವನ್ನು 11,000 ಡಾಲರಿನಿಂದ 15,000 ಡಾಲರಿಗೆ ಏರಿಸಿದೆ. ನಮ್ಮ ಹಣದಲ್ಲಿ ಅದೊಂದೇ 13 ಲಕ್ಷದ ಆಸುಪಾಸು. ಎಲ್ಲ ಸೇರಿ 30 ಲಕ್ಷ ರೂಪಾಯಿಗಿಂತ ಕಡಿಮೆಗೆ ಯಾರಾದರೂ ಕರೆದೊಯ್ಯುತ್ತೇನೆಂದರೆ ಯಾವುದರಲ್ಲಿ ಕಡಿತ ಮಾಡಿದ್ದಾರೆಂದು ಕೇಳಲೇಬೇಕು: ಸಿಲಿಂಡರಿನಲ್ಲೋ, ಶೆರ್ಪಾಗಳ ಸಂಖ್ಯೆಯಲ್ಲೋ, ಅವರ ವಿಮೆಯಲ್ಲೋ? ವಯಸ್ಸಿನ ಮಾತು ಹೇಳುವುದಾದರೆ, ನೇಪಾಳದ ಕಡೆಯಿಂದ 16 ತುಂಬದವರಿಗೆ ಪರವಾನಗಿಯಿಲ್ಲ.

ಮನೆಯಲ್ಲಿ ಅಷ್ಟು ಹಣವಿಲ್ಲ ಎಂದು ಸಪ್ಪೆ ಮುಖ ಮಾಡುವ ಮಕ್ಕಳಿಗೆ ಒಂದು ಮಾತು. ಇದಕ್ಕೆ ಇನ್ನೊಂದು ದಾರಿಯಿದೆ, ಅದು ನಿಧಾನದ ದಾರಿ. ನಿಮ್ಮ ಕಾಲೇಜಿನಲ್ಲಿ ಎನ್‌ಸಿಸಿ ಇದೆಯಲ್ಲ? 2025ರ ಮೇ 18ರಂದು ಎನ್‌ಸಿಸಿಯ ಹತ್ತು ಮಂದಿ ಕೆಡೆಟ್‌ಗಳು ಎವರೆಸ್ಟ್ ಏರಿದರು, ಐವರು ಹುಡುಗರು, ಐವರು ಹುಡುಗಿಯರು. ಅವರ ಸರಾಸರಿ ವಯಸ್ಸು 19. ಅವರಲ್ಲಿ ಯಾರೂ ನೇರವಾಗಿ ಅಲ್ಲಿಗೆ ಹೋದವರಲ್ಲ. ಆಯ್ಕೆ, ತರಬೇತಿ, ಬೇರೊಂದು ಹಿಮಶಿಖರದಲ್ಲಿ ಪರೀಕ್ಷೆ, ಮತ್ತೆ ಆಯ್ಕೆ ಎಂದು ಸೋಸಿ ಉಳಿದವರು. ಎನ್‌ಸಿಸಿ ಇಲ್ಲದವರಿಗೆ ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಬಂಡೆ ಹತ್ತುವುದನ್ನು ಕಲಿಸುತ್ತದೆ. ಯೂತ್ ಹಾಸ್ಟೆಲ್ಸ್ ಅಸೋಸಿಯೇಶನ್ ಕಡಿಮೆ ಖರ್ಚಿನಲ್ಲಿ ಹಿಮಾಲಯದ ಚಾರಣ ಏರ್ಪಡಿಸುತ್ತದೆ. ಅದರ ನಂತರ ಡಾರ್ಜಿಲಿಂಗಿನ ಹಿಮಾಲಯನ್ ಮೌಂಟನೀರಿಂಗ್ ಇನ್‌ಸ್ಟಿಟ್ಯೂಟ್ (1954ರಲ್ಲಿ ಆರಂಭವಾದದ್ದು, ತೇನ್‌ಸಿಂಗ್ ಅವರೇ ಅಲ್ಲಿ ಕಲಿಸುತ್ತಿದ್ದರು) ಅಥವಾ 1965ರಲ್ಲಿ ಸ್ಥಾಪನೆಯಾದ ಉತ್ತರಕಾಶಿಯ ನೆಹರೂ ಸಂಸ್ಥೆ. ಇವುಗಳಲ್ಲಿ ಸುಮಾರು ನಾಲ್ಕು ವಾರಗಳ ಬೇಸಿಕ್ ಕೋರ್ಸು, ಅದರಲ್ಲಿ 'ಎ' ಶ್ರೇಣಿ ಬಂದವರಿಗೆ ಮುಂದಿನ ಅಡ್ವಾನ್ಸ್ ಕೋರ್ಸು. ಎವರೆಸ್ಟಿನ ಖರ್ಚಿನ ಮುಂದೆ ಇವುಗಳ ಶುಲ್ಕ ಏನೂ ಅಲ್ಲ. ಅಲ್ಲೂ ಅಪಾಯವಿಲ್ಲವೆಂದು ಹೆತ್ತವರಿಗೆ ಸುಳ್ಳು ಭರವಸೆ ಕೊಡಲಾರೆ. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮ ಕುಸಿದು ಉತ್ತರಕಾಶಿ ಸಂಸ್ಥೆಯ 25ಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ತರಬೇತಿಗೆ ಬಂದವರು, ಸತ್ತರು.

ಒಂದು ವಿಷಯ ಮಾತ್ರ ಹೇಳಲು ಬೇಸರವಾಗುತ್ತದೆ. 2016ರಲ್ಲಿ ಪುಣೆಯ ಪೊಲೀಸ್ ದಂಪತಿ ಬೇರೆಯವರ ಚಿತ್ರವನ್ನು ತಿದ್ದಿ, ತಾವೇ ಎವರೆಸ್ಟ್ ಏರಿದೆವೆಂದು ಪ್ರಮಾಣಪತ್ರ ಪಡೆದಿದ್ದರು. ಮೋಸ ಬಯಲಾಗಿ ನೇಪಾಳ ಅವರನ್ನು ಹತ್ತು ವರ್ಷ ಪರ್ವತಾರೋಹಣದಿಂದಲೇ ಹೊರಗಿಟ್ಟಿತು. ಬೆಟ್ಟ ಹತ್ತುವುದು ಅರ್ಜಿಗೆ ಲಗತ್ತಿಸುವ ಸರ್ಟಿಫಿಕೇಟಿಗಾಗಿ ಎಂದಾದರೆ ಹೀಗೂ ಆಗುತ್ತದೆ. ಮಕ್ಕಳ ಹೆಸರು ಪತ್ರಿಕೆಯಲ್ಲಿ ಬರಬೇಕೆಂಬ ಆಸೆ ಮಕ್ಕಳಿಗಿಂತ ಹೆಚ್ಚು ಹೆತ್ತವರಿಗೇ ಇರುವುದನ್ನು ನಾನು ಕಂಡಿದ್ದೇನೆ.

ಈ ವರ್ಷವೇ ಯಾವುದಾದರೂ ತಂಡದ ಜತೆ, ಸಣ್ಣ ಚಾರಣಕ್ಕೇ ಆಗಲಿ, ಹೊರಟಿದ್ದರೆ ಹಣ ಕಟ್ಟುವ ಮುನ್ನ ಹೆತ್ತವರು ಮಕ್ಕಳ ಜತೆ ಕುಳಿತು ಕೆಲವು ಪ್ರಶ್ನೆಗಳನ್ನು ಕಾಗದದಲ್ಲಿ ಬರೆದು ಕಳುಹಿಸಲಿ, ಉತ್ತರವನ್ನೂ ಬರೆದೇ ಪಡೆಯಲಿ. ಎಷ್ಟು ಮಂದಿಗೆ ಒಬ್ಬ ಗೈಡು? ಆತ ಎಲ್ಲಿ ತರಬೇತಿ ಪಡೆದವನು? ಒಬ್ಬನಿಗೆ ತಲೆನೋವು, ವಾಂತಿ ಶುರುವಾದರೆ ಅವನ ಜತೆ ಕೆಳಗಿಳಿಯುವವರು ಯಾರು, ಉಳಿದವರನ್ನು ನೋಡಿಕೊಳ್ಳುವವರು ಯಾರು? ಹೆಲಿಕಾಪ್ಟರಿನ ಖರ್ಚು ವಿಮೆಯಲ್ಲಿ ಸೇರಿದೆಯೇ? ಹವಾಮಾನ ಕೆಟ್ಟು ಅರ್ಧದಲ್ಲಿ ಹಿಂದೆ ಬಂದರೆ ಹಣ ಏನಾಗುತ್ತದೆ? ರಕ್ತಹೀನತೆ, ಉಬ್ಬಸ ಇದ್ದರೆ ಮೊದಲೇ ವೈದ್ಯರಿಗೆ ತೋರಿಸಿ, ಫಾರಮ್ಮಿನಲ್ಲಿ ಮುಚ್ಚಿಡಬೇಡಿ. ಮಂಗಳೂರಿನಿಂದ ಕೊಂಕಣ ರೈಲಿನಲ್ಲಿ ದಿಲ್ಲಿಗೆ, ಅಲ್ಲಿಂದ ಬಸ್ಸಿನಲ್ಲಿ ಬೆಟ್ಟದ ಬುಡಕ್ಕೆ ಹೋಗುವವರು ಹಿಂದಿರುಗುವ ಟಿಕೆಟನ್ನು ಎರಡು ಮೂರು ದಿನ ಮುಂದಕ್ಕೇ ಮಾಡಿಸಿಕೊಳ್ಳಿ. ಮರುದಿನದ ರೈಲು ತಪ್ಪೀತೆಂಬ ಅವಸರದಲ್ಲಿ ಹಿಮದ ಮೇಲೆ ನಡೆಯುವಂತಾಗಬಾರದು.